ಬೂಟು ಹೋದ ಮೇಲೂ ಉಳಿದ ಊರು

ಜೂನ್ ಬಂತೆಂದರೆ ಶಾಲೆ ಶುರು. ಶಾಲೆ ಶುರುವೆಂದರೆ ಬಾಟಾ ಅಂಗಡಿಗೆ ಹೋಗುವ ದಿನ. ಕಪ್ಪು ಬೂಟು ಒಂದು ಜೊತೆ, ಪಿ.ಟಿ. ಪೀರಿಯಡ್ಡಿಗೆ ಬಿಳಿ ಕ್ಯಾನ್ವಾಸ್ ಒಂದು ಜೊತೆ. 'ಒಂದು ಸೈಜು ದೊಡ್ಡದೇ ಕೊಡಿ, ಬರೋ ವರ್ಷಕ್ಕೂ ಆಗಲಿ' ಅನ್ನುವ ಅಪ್ಪ. ಡಬ್ಬಿಯ ಮೇಲೆ 199.95 ಅಂತಲೋ 299.95 ಅಂತಲೋ ಬೆಲೆ. ಆ ಐದು ಪೈಸೆ ವಾಪಸ್ ಸಿಕ್ಕ ನೆನಪು ಯಾರಿಗೂ ಇರಲಿಕ್ಕಿಲ್ಲ. ಇಂಥ ಬೆಲೆ ಎಲ್ಲೇ ಕಂಡರೂ 'ಬಾಟಾ ರೇಟು' ಅಂತ ನಗುವುದು ನಮ್ಮಲ್ಲಿ ಹಳೆಯ ರೂಢಿ. ಕುತೂಹಲ ಏನೆಂದರೆ ಚೆಕ್ ಭಾಷೆಯಲ್ಲೂ ಇಂಥ ಬೆಲೆಗೆ 'ಬಾಟಾ ಬೆಲೆ' ಅಂತಲೇ ಹೆಸರು.

ಬಾಟಾ ನಮ್ಮದೇ ಕಂಪನಿ ಅಂದುಕೊಂಡವರು ಎಷ್ಟೋ ಜನ. ತಪ್ಪೇನಿಲ್ಲ. ಟಾಟಾ, ಬಾಟಾ ಅಂತ ಪ್ರಾಸ ಬೇರೆ ಕೂಡುತ್ತದಲ್ವಾ? ಆದರೆ ಅದು ಹುಟ್ಟಿದ್ದು ಚೆಕ್ ದೇಶದ ಪೂರ್ವಕ್ಕೆ, ಮೊರಾವಿಯಾ ಸೀಮೆಯಲ್ಲಿ, ಸ್ಲೊವಾಕಿಯಾ ಗಡಿಗೆ ಹತ್ತಿರವಿರುವ ಜ್ಲೀನ್ ಎಂಬ ಊರಿನಲ್ಲಿ. ಇವತ್ತು ಅಲ್ಲಿನ ಜನಸಂಖ್ಯೆ 75 ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ ಅನ್ನಬಹುದು.

ಈ ಊರಿನ ಬಗ್ಗೆ ಈಗ ಬರೆಯಲು ಕಾರಣವಿದೆ. ಒಂದೇ ಕಾರ್ಖಾನೆಯನ್ನು ನಂಬಿದ ಊರು ಆ ಕಾರ್ಖಾನೆ ಹೋದ ಮೇಲೆ ಏನಾಗುತ್ತದೆ ಅನ್ನುವುದು ಇವತ್ತು ಬಹಳ ದೇಶಗಳ ಪ್ರಶ್ನೆ. ಚೆಕ್ ದೇಶದಲ್ಲೇ ಕಲ್ಲಿದ್ದಲಿನ ಊರುಗಳು ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಕೂತಿವೆ. ಜ್ಲೀನ್ ಆ ಪರೀಕ್ಷೆ ಬರೆದು ಮೂರು ದಶಕ ಆಗುತ್ತಾ ಬಂತು. ಫಸ್ಟ್ ಕ್ಲಾಸ್ ಏನೂ ಬರಲಿಲ್ಲ. ಆದರೆ ಫೇಲೂ ಆಗಲಿಲ್ಲ. ಹೇಗೆ ಪಾಸಾಯಿತು ಅನ್ನುವುದೇ ಇಲ್ಲಿ ನೋಡಬೇಕಾದ್ದು.

ಬಟ್ಟೆಯ ಬೂಟಿನಿಂದ ಶುರು

ಜ್ಲೀನ್ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದು 1322ರಲ್ಲಿ. ಆಮೇಲಿನ ಐನೂರು ವರ್ಷಕ್ಕೂ ಹೆಚ್ಚು ಕಾಲ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಒಂದು ಸಣ್ಣ ನದಿ, ಎರಡು ಕಡೆ ಗುಡ್ಡ, ಒಂದು ಸಂತೆ, ಕೈಕಸುಬಿನವರ ಮನೆಗಳು. 19ನೇ ಶತಮಾನದ ಕೊನೆಗೆ ಇದ್ದವರು ಸುಮಾರು 3 ಸಾವಿರ ಜನ. ಅವರಲ್ಲಿ ಬಾಟಾ ಮನೆತನವೂ ಒಂದು. ತಲೆಮಾರುಗಳಿಂದ ಬೂಟು ಹೊಲಿಯುವವರು.

1894ರಲ್ಲಿ ಆ ಮನೆಯ ಮೂವರು ಒಡಹುಟ್ಟಿದವರು, ಆಂತೊನಿನ್, ಅನ್ನಾ, ತೊಮಾಶ್, ತಾಯಿಯ ಕಡೆಯಿಂದ ಬಂದ ದುಡ್ಡು ಹಾಕಿ ಸ್ವಂತ ಅಂಗಡಿ ತೆಗೆದರು. ತೊಮಾಶನಿಗೆ ಆಗ 18 ವರ್ಷ. ವರ್ಷ ಕಳೆಯುವುದರೊಳಗೆ ಮೈತುಂಬ ಸಾಲ. ಚರ್ಮ ಕೊಳ್ಳಲು ದುಡ್ಡಿಲ್ಲ. ಆಗ ಅವರು ಮಾಡಿದ್ದು ಸರಳ ಕೆಲಸ. ಮೇಲ್ಭಾಗಕ್ಕೆ ಗಟ್ಟಿ ಬಟ್ಟೆ, ಅಡಿಗೆ ಮಾತ್ರ ಚರ್ಮ ಹಾಕಿ ಹಗುರ ಬೂಟು ಹೊಲಿದರು. ಅಗ್ಗ, ಹಾಕಿಕೊಳ್ಳಲು ಹಿತ. ಚೆನ್ನಾಗಿ ಓಡಿತು. ನಮ್ಮ ಶಾಲೆಯ ಬಿಳಿ ಕ್ಯಾನ್ವಾಸಿನ ದೂರದ ಅಜ್ಜ ಅಂತಲೇ ಅನ್ನಿ.

ತೊಮಾಶ್ ಮುಂದೆ ಅಮೆರಿಕಕ್ಕೆ ಹೋದ. ಮಾಸಚೂಸೆಟ್ಸಿನ ಲಿನ್ ಎಂಬ ಊರಿನ ಬೂಟು ಕಾರ್ಖಾನೆಯಲ್ಲಿ ಮಾಲೀಕನಾಗಿ ಅಲ್ಲ, ಕೂಲಿಯವನಾಗಿ ದುಡಿದು ಯಂತ್ರ ಹೇಗೆ ಓಡುತ್ತದೆ, ಕೆಲಸವನ್ನು ಹೇಗೆ ಹಂಚುತ್ತಾರೆ ಅಂತ ನೋಡಿಕೊಂಡು ಬಂದ. ಮೊದಲ ಮಹಾಯುದ್ಧ ಬಂತು. ಆಸ್ಟ್ರಿಯಾ-ಹಂಗೇರಿ ಸೈನ್ಯಕ್ಕೆ ಬೂಟು ಬೇಕಾಯಿತು. ಜ್ಲೀನಿನ ಕಾರ್ಖಾನೆ ಒಮ್ಮೆಲೇ ಬೆಳೆಯಿತು. ಯುದ್ಧ ಮುಗಿದು, ಸಾಮ್ರಾಜ್ಯ ಒಡೆದು, ಚೆಕೊಸ್ಲೊವಾಕಿಯಾ ಎಂಬ ಹೊಸ ದೇಶ ಹುಟ್ಟಿತು. ಬೂಟು ಕೊಳ್ಳುವವರು ಇಲ್ಲವಾದರು.

1922ರಲ್ಲಿ ತೊಮಾಶ್ ತೆಗೆದುಕೊಂಡ ಒಂದು ತೀರ್ಮಾನವನ್ನು ಅಲ್ಲಿನ ವ್ಯಾಪಾರದ ಪಾಠಗಳಲ್ಲಿ ಇವತ್ತಿಗೂ ಹೇಳುತ್ತಾರೆ. ದೇಶದ ನಾಣ್ಯದ ಬೆಲೆ ಏರಿ ರಫ್ತು ನಿಂತಿತ್ತು. ಗೋದಾಮು ತುಂಬಿ ತುಳುಕುತ್ತಿತ್ತು. ಬೇರೆ ಮಾಲೀಕರು ಕಾರ್ಖಾನೆಗೆ ಬೀಗ ಹಾಕುತ್ತಿದ್ದರೆ ಈತ ಬೂಟಿನ ಬೆಲೆಯನ್ನು ಒಂದೇ ದಿನ ಅರ್ಧಕ್ಕೆ ಇಳಿಸಿಬಿಟ್ಟ. ಕೆಲಸಗಾರರ ಕೂಲಿಯನ್ನು 40 ಪರ್ಸೆಂಟ್ ಕಡಿಮೆ ಮಾಡಿದ. ಅದಕ್ಕೆ ಬದಲಾಗಿ ಊಟದ ಸಾಮಾನು, ಬಟ್ಟೆಬರೆ ಎಲ್ಲವನ್ನೂ ಕಂಪನಿ ಅಂಗಡಿಯಲ್ಲಿ ಅರ್ಧ ಬೆಲೆಗೆ ಕೊಟ್ಟ. ಜನ ಅಂಗಡಿ ಮುಂದೆ ಸಾಲು ನಿಂತರು. ಗೋದಾಮು ಖಾಲಿಯಾಯಿತು.

ಈ ಕತೆಯನ್ನು ಸಾಮಾನ್ಯವಾಗಿ ಮಾಲೀಕನ ಧೈರ್ಯದ ಕತೆಯಾಗಿ ಹೇಳುತ್ತಾರೆ. ಧೈರ್ಯ ಇತ್ತು, ನಿಜ. ಆದರೆ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಕೂಲಿ ಕೊಡುವವನೂ ಅವನೇ, ಆ ಕೂಲಿಗೆ ಅಕ್ಕಿಬೇಳೆ ಮಾರುವವನೂ ಅವನೇ. ಹಾಗಿದ್ದಾಗ ಮಾತ್ರ ಇಂಥ ಲೆಕ್ಕ ಕೂಡುತ್ತದೆ. ಊರಿನ ಮುಂದಿನ ಕತೆ ಪೂರ್ತಿ ಈ ಒಂದು ಮಾತಿನಲ್ಲೇ ಅಡಗಿದೆ.

6.15 ಮೀಟರಿನ ಊರು

1923ರಲ್ಲಿ ತೊಮಾಶ್ ಬಾಟಾ ಜ್ಲೀನಿನ ಮೇಯರ್ ಆದ. ಈಗ ಕಾರ್ಖಾನೆ ಅವನದು, ಅಂಗಡಿ ಅವನದು, ಊರಿನ ಆಡಳಿತವೂ ಅವನದು. 1921ರಲ್ಲಿ ಊರಿನಲ್ಲಿ 5 ಸಾವಿರ ಜನ ಕೂಡ ಇರಲಿಲ್ಲ. 1930ರ ದಶಕ ಮುಗಿಯುವ ಹೊತ್ತಿಗೆ ಅದು 40 ಸಾವಿರ ದಾಟಿತ್ತು. ಇಷ್ಟು ಜನಕ್ಕೆ ಇಷ್ಟು ಬೇಗ ಊರು ಕಟ್ಟುವುದು ಹೇಗೆ? ಬೂಟು ಮಾಡುವ ಹಾಗೇ. ಒಂದು ಅಚ್ಚು ಮಾಡಿ, ಅದನ್ನೇ ಮತ್ತೆ ಮತ್ತೆ ಹಾಕು.

ಆ ಅಚ್ಚಿನ ಅಳತೆ 6.15 ಮೀಟರ್. ದುಂಡು ಕಾಂಕ್ರೀಟ್ ಕಂಬ, ಒಂದು ಕಂಬದಿಂದ ಇನ್ನೊಂದಕ್ಕೆ ಇಷ್ಟು ದೂರ, ನಡುವೆ ಕೆಂಪು ಇಟ್ಟಿಗೆ, ದೊಡ್ಡ ಕಿಟಕಿ. ಕಾರ್ಖಾನೆಯೂ ಇದೇ, ಹಾಸ್ಟೆಲೂ ಇದೇ, ಶಾಲೆಯೂ ಇದೇ. ಯಾನ್ ಕೊಟೇರಾ, ಅವನ ಶಿಷ್ಯ ಫ್ರಾಂಟಿಶೆಕ್ ಗಹುರಾ, ಆಮೇಲೆ ಅಮೆರಿಕದಲ್ಲಿ ಕೆಲಸ ಮಾಡಿ ಬಂದ ವ್ಲಾದಿಮೀರ್ ಕಾರ್ಫಿಕ್, ಇವರೆಲ್ಲ ಈ ಊರಿನ ನಕ್ಷೆ ಬರೆದವರು. 1935ರಲ್ಲಿ ಲೆ ಕಾರ್ಬೂಸಿಯೆ ಕೂಡ ಬಂದು ನೋಡಿದ. ಮುಂದೆ ಚಂಡೀಗಢದ ನಕ್ಷೆ ಬರೆದನಲ್ಲ, ಅವನೇ.

ಮನೆಗಳದ್ದು ಬೇರೆಯೇ ಲೆಕ್ಕ. 'ಕೆಲಸ ಒಟ್ಟಿಗೆ, ವಾಸ ಬೇರೆ ಬೇರೆ' ಎಂಬುದು ಬಾಟಾ ಮಂತ್ರ. ಕೆಲಸಗಾರರಿಗೆ ಬಹುಮಹಡಿ ಕಟ್ಟಡ ಕೊಡಲಿಲ್ಲ. ಗುಡ್ಡದ ಇಳಿಜಾರಿನಲ್ಲಿ, ಮರಗಳ ನಡುವೆ, ಸಕ್ಕರೆ ಅಚ್ಚಿನಂಥ ಚೌಕಾಕಾರದ ಸಣ್ಣ ಇಟ್ಟಿಗೆ ಮನೆಗಳು. ತಾರಸಿ ಸಪಾಟು. ಕೆಲವು ಒಂಟಿ ಮನೆ, ಕೆಲವು ಎರಡು ಸಂಸಾರಕ್ಕೆ, ಕೆಲವು ನಾಲ್ಕು ಸಂಸಾರಕ್ಕೆ. ಸುತ್ತ ಹುಲ್ಲು, ಬೇಲಿ ಇಲ್ಲ. ಒಳಗೇ ಬಚ್ಚಲು, ಕರೆಂಟು. ಬಾಡಿಗೆ ತೀರಾ ಕಡಿಮೆ. ಆ ಕಾಲದ ಯುರೋಪಿನಲ್ಲಿ ಕೂಲಿಯವನಿಗೆ ಇಂಥ ಮನೆ ಸಿಗುವುದು ಕನಸಿನ ಮಾತು.

1927ರಲ್ಲಿ ಆಸ್ಪತ್ರೆ ಬಂತು. 1932ರಲ್ಲಿ ಸುಮಾರು ಎರಡೂವರೆ ಸಾವಿರ ಸೀಟಿನ ಸಿನಿಮಾ ಮಂದಿರ ಬಂತು. ಬಿಡಿ ವಿಭಾಗಗಳಿಗೆ ಸ್ವಂತ ಲೆಕ್ಕದ ಪುಸ್ತಕ, ವಾರ ವಾರ ಸಂಬಳ, ಲಾಭದಲ್ಲಿ ಪಾಲು. ಆ ಪಾಲಿನ ಅರ್ಧ ಕಂಪನಿಯಲ್ಲೇ ಜಮೆ, ಅದಕ್ಕೆ 10 ಪರ್ಸೆಂಟ್ ಬಡ್ಡಿ. ಕಾರ್ಖಾನೆ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು: 'ದಿನಕ್ಕೆ 86,400 ಸೆಕೆಂಡ್.' ಓದಿದರೆ ಒಂದು ಕ್ಷಣ ಹುರುಪು ಬರುತ್ತದೆ. ಮರುಕ್ಷಣ ಸ್ವಲ್ಪ ಭಯವೂ ಆಗುತ್ತದೆ.

ಭಯ ಸುಮ್ನೆ ಹುಟ್ಟಿದ್ದಲ್ಲ. ಆ ಮನೆ ಕೆಲಸದ ಜೊತೆ ಬಂದದ್ದು. ಕೆಲಸ ಹೋದರೆ ಮನೆಯೂ ಹೋಯಿತು. ಕಂಪನಿ ಕೆಲಸಗಾರರ ಸ್ವಂತ ಬದುಕಿನ ಮೇಲೂ ಕಣ್ಣಿಟ್ಟಿತ್ತು. ಕಾರ್ಮಿಕ ಸಂಘಗಳಿಗೆ ಅಲ್ಲಿ ಕಾಲೂರಲು ಜಾಗ ಇರಲಿಲ್ಲ. ಮೇ 1 ಪ್ರಪಂಚಕ್ಕೆಲ್ಲ ಕಾರ್ಮಿಕರ ದಿನ. ಜ್ಲೀನಿನಲ್ಲಿ ಅದು ಕಂಪನಿಯ ಜಾತ್ರೆ. ಸಾವಿರಾರು ಜನರ ಮೆರವಣಿಗೆ, ಬ್ಯಾಂಡು, ಮಾಲೀಕನ ಭಾಷಣ. ಕಮ್ಯುನಿಸ್ಟರ ಹಬ್ಬವನ್ನೇ ಬಂಡವಾಳಗಾರ ಎತ್ತಿಕೊಂಡು ಹೋಗಿದ್ದ. ತಮಾಷೆ ಅನಿಸಿದರೂ ಇದರ ಹಿಂದಿದ್ದ ಲೆಕ್ಕ ಬಹಳ ಪಕ್ಕಾ.

ಚೆಕ್ ಜನರಲ್ಲಿ ಬಾಟಾ ಬಗ್ಗೆ ಇವತ್ತಿಗೂ ಎರಡು ಮಾತಿದೆ. ಒಂದು ಕಡೆಯವರಿಗೆ ಆತ ದೇವರಿಗೆ ಸಮಾನ. ಇನ್ನೊಂದು ಕಡೆಯವರಿಗೆ ಒಳ್ಳೆಯ ಮನೆ ಕೊಟ್ಟು ಬಾಯಿಗೆ ಬೀಗ ಹಾಕಿದ ದೊರೆ. ನನಗೆ ಎರಡೂ ನಿಜ ಅನಿಸುತ್ತದೆ. ಮನೆ ಒಳ್ಳೆಯದಾಗಿತ್ತು, ಬೀಗವೂ ಗಟ್ಟಿಯಾಗಿತ್ತು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಊರು ಅರ್ಥವಾಗುವುದಿಲ್ಲ.

ಈ ಶಿಸ್ತಿನಿಂದ ಹುಟ್ಟಿದ ಒಂದು ವಿಚಿತ್ರ ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನನ್ನು 1941ರಲ್ಲಿ ಕಂಪನಿಯ ಓಟದ ಪಂದ್ಯಕ್ಕೆ ಬಲವಂತವಾಗಿ ನಿಲ್ಲಿಸಿದರು. ಅವನಿಗೆ ಇಷ್ಟವೇ ಇರಲಿಲ್ಲ. ಓಡಿದ, ಎರಡನೆಯವನಾಗಿ ಬಂದ. ಹೆಸರು ಎಮಿಲ್ ಜಾಟೊಪೆಕ್. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್, ಮೂರರಲ್ಲೂ ಚಿನ್ನ ಗೆದ್ದವನು ಅವನೇ.

ಲಿಫ್ಟಿನೊಳಗಿನ ಆಫೀಸು

1932ರ ಜುಲೈ 12ರ ಬೆಳಗ್ಗೆ ಮಂಜು ಕವಿದಿತ್ತು. ತೊಮಾಶ್ ಬಾಟಾ ಸ್ವಿಟ್ಜರ್ಲೆಂಡಿಗೆ ಹೊರಟಿದ್ದ. ಪಕ್ಕದ ಓತ್ರೊಕೊವಿತ್ಸೆಯಿಂದ ಮೇಲೆದ್ದ ವಿಮಾನ ಸ್ವಲ್ಪ ಹೊತ್ತಿಗೇ ನೆಲಕ್ಕೆ ಬಿತ್ತು. ಬಾಟಾ, ಪೈಲಟ್ ಇಬ್ಬರೂ ಸತ್ತರು. ಗಹುರಾ ಕಟ್ಟಿದ ಸ್ಮಾರಕ ಮರುವರ್ಷ ತೆರೆಯಿತು. ಅದೇ 6.15 ಮೀಟರಿನ ಅಚ್ಚು, ಆದರೆ ಇಟ್ಟಿಗೆಯ ಜಾಗದಲ್ಲಿ ಪೂರ್ತಿ ಗಾಜು. ಒಳಗೆ ಒಂದು ವಿಮಾನವನ್ನು ತೂಗುಹಾಕಿದ್ದರು. ಕಾರ್ಖಾನೆಯ ನಕ್ಷೆಯನ್ನೇ ಗೋರಿಗೂ ಬಳಸಿದ ಊರು ಬೇರೆ ಇದೆಯೋ ಇಲ್ಲವೋ.

ಆಮೇಲೆ ಚುಕ್ಕಾಣಿ ಹಿಡಿದವನು ಮಲತಮ್ಮ ಯಾನ್ ಆಂತೊನಿನ್ ಬಾಟಾ. ಅಣ್ಣನಿಗಿಂತ ದೊಡ್ಡ ಕನಸಿನವನು. ಆಗ ದೇಶ ದೇಶಗಳು ಹೊರಗಿನ ಮಾಲಿಗೆ ಸುಂಕದ ಗೋಡೆ ಎಬ್ಬಿಸುತ್ತಿದ್ದವು. 'ಬೂಟು ಒಳಗೆ ಬಿಡಲ್ವಾ? ಸರಿ, ಕಾರ್ಖಾನೆಯನ್ನೇ ಒಳಗೆ ತರುತ್ತೇವೆ' ಎಂಬಂತೆ ಕಂಪನಿ ಹೊರಟಿತು. ಇಂಗ್ಲೆಂಡಿನ ಈಸ್ಟ್ ಟಿಲ್ಬರಿ, ಕ್ರೊಯೇಷಿಯಾದ ಬೊರೊವೊ, ಫ್ರಾನ್ಸ್, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್, ಹೋದಲ್ಲೆಲ್ಲ ಒಂದು ಮರಿ ಜ್ಲೀನ್ ಹುಟ್ಟಿತು. ಅದೇ ಇಟ್ಟಿಗೆ, ಅದೇ ಕಂಬ. ನಮ್ಮ ಕಡೆ ಕಲ್ಕತ್ತೆಯ ಹತ್ತಿರ ಹೂಗ್ಲಿ ದಂಡೆಯಲ್ಲಿ ಬಾಟಾನಗರ, ಲಾಹೋರಿನ ಪಕ್ಕ ಬಾಟಾಪುರ, ಬಿಹಾರದಲ್ಲಿ ಬಾಟಾಗಂಜ್. ಮುಂದೆ ಬೆಂಗಳೂರಿನ ಪೀಣ್ಯ, ಹೊಸೂರುಗಳಲ್ಲೂ ಬಾಟಾ ಕಾರ್ಖಾನೆ ಬಂದವು. ಆದರೆ ಅಷ್ಟು ಹೊತ್ತಿಗೆ ಊರು ಕಟ್ಟುವ ಹುಚ್ಚು ಬಿಟ್ಟುಹೋಗಿತ್ತು, ಬರೀ ಶೆಡ್ಡು.

1938ರಲ್ಲಿ ಜ್ಲೀನಿನಲ್ಲಿ ಕಂಪನಿಯ ಕೇಂದ್ರ ಕಚೇರಿ ಎದ್ದಿತು. 77.5 ಮೀಟರ್ ಎತ್ತರ. ಆ ಕಾಲಕ್ಕೆ ಯುರೋಪಿನ ಎತ್ತರದ ಕಟ್ಟಡಗಳಲ್ಲಿ ಒಂದು. ಹೆಸರೇನೂ ಇಡಲಿಲ್ಲ, '21ನೇ ನಂಬರ್' ಅಷ್ಟೇ. ಎರಡನೇ ಸಾಲಿನ ಒಂದನೇ ಕಟ್ಟಡ ಅಂತ ಅದರ ಅರ್ಥ. ಇದರೊಳಗಿನ ಒಂದು ಲಿಫ್ಟ್ ಜಗತ್ಪ್ರಸಿದ್ಧ. ಸುಮಾರು 6 ಮೀಟರ್ ಉದ್ದ, 6 ಮೀಟರ್ ಅಗಲದ ಲಿಫ್ಟು. ಅದರೊಳಗೆ ಮಾಲೀಕನ ಮೇಜು, ಕುರ್ಚಿ, ಫೋನು, ಏಸಿ, ಬಿಸಿನೀರು-ತಣ್ಣೀರು ಬರುವ ವಾಶ್ ಬೇಸಿನ್. ಅಧಿಕಾರಿಗಳು ಮಾಲೀಕನ ಕೋಣೆಗೆ ಹೋಗಬೇಕಿಲ್ಲ. ಮಾಲೀಕನ ಕೋಣೆಯೇ ಅವರ ಮಹಡಿಗೆ ಬರುತ್ತದೆ. ಯಾವಾಗ ಬಾಗಿಲು ತೆರೆದುಕೊಳ್ಳುತ್ತದೋ ಗೊತ್ತಿಲ್ಲ!

ಆದರೆ ಯಾನ್ ಆಂತೊನಿನ್ ಅದರಲ್ಲಿ ಕೂತು ಕೆಲಸ ಮಾಡಲು ಕಾಲ ಬಿಡಲಿಲ್ಲ. 1939ರ ಮಾರ್ಚಿನಲ್ಲಿ ಜರ್ಮನ್ ಸೈನ್ಯ ಒಳಗೆ ಬಂತು. ಆತ ಅದೇ ವರ್ಷ ದೇಶ ಬಿಟ್ಟು ಅಮೆರಿಕಕ್ಕೆ, ಆಮೇಲೆ ಬ್ರೆಜಿಲಿಗೆ ಹೋದ. ತೊಮಾಶನ ಮಗ ಕೆನಡಾ ಸೇರಿ ಅಲ್ಲಿ ಬಾಟಾವಾ ಎಂಬ ಊರು ಕಟ್ಟಿದ. ಮುಂದೆ ಈ ಚಿಕ್ಕಪ್ಪ, ಮಗನ ನಡುವೆ ಆಸ್ತಿಗಾಗಿ ಕೋರ್ಟು ಕಚೇರಿ ವರ್ಷಗಟ್ಟಲೆ ನಡೆಯಿತು. ಅದೊಂದು ಬೇರೆಯೇ ಮಹಾಭಾರತ.

ಆ ದಿನಗಳಲ್ಲೇ ಕಂಪನಿ ತನ್ನ ಯಹೂದಿ ನೌಕರರಲ್ಲಿ ಹಲವರನ್ನು ಪರದೇಶದ ಶಾಖೆಗಳಿಗೆ ವರ್ಗ ಮಾಡಿತು. ಕಂಪನಿ ಆಸ್ಪತ್ರೆಯ ಒಬ್ಬ ಡಾಕ್ಟರಿಗೆ ಸಿಂಗಪುರಕ್ಕೆ ವರ್ಗವಾಯಿತು. ಹೆಂಡತಿ, ಇಬ್ಬರು ಗಂಡುಮಕ್ಕಳು ಜೊತೆಗೆ. ಜಪಾನ್ ದಾಳಿಯ ಹೊತ್ತಿನಲ್ಲಿ ಡಾಕ್ಟರು ಸತ್ತುಹೋದರು. ತಾಯಿ ಮಕ್ಕಳನ್ನು ಕರೆದುಕೊಂಡು ಭಾರತಕ್ಕೆ ಬಂದರು. ಡಾರ್ಜಿಲಿಂಗಿನ ಬಾಟಾ ಅಂಗಡಿಯನ್ನು ನೋಡಿಕೊಂಡು ಮಕ್ಕಳನ್ನು ಅಲ್ಲೇ ಶಾಲೆಗೆ ಹಾಕಿದರು. ಆ ಹುಡುಗರಲ್ಲಿ ಕಿರಿಯವನು 1937ರಲ್ಲಿ ಜ್ಲೀನಿನಲ್ಲಿ ಹುಟ್ಟಿದ ತೊಮಾಶ್ ಸ್ಟ್ರಾಸ್ಲರ್. ಮುಂದೆ ಇಂಗ್ಲಿಷ್ ನಾಟಕಕಾರ ಟಾಮ್ ಸ್ಟಾಪರ್ಡ್ ಆದವನು. ಕಂಪನಿಯ ಕೈ ಎಷ್ಟು ಉದ್ದವಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆ ಕೈ ಜನರ ಮೇಲೆ ಕಣ್ಣಿಟ್ಟಿತ್ತು, ನಿಜ. ಕೆಲವರ ಜೀವವನ್ನೂ ಉಳಿಸಿತು.

ಹೆಸರು ಕಳೆದುಕೊಂಡ 41 ವರ್ಷ

1944ರ ನವೆಂಬರಿನಲ್ಲಿ ಅಮೆರಿಕದ ವಿಮಾನಗಳು ಕಾರ್ಖಾನೆಯ ಮೇಲೆ ಬಾಂಬು ಹಾಕಿದವು. 1945ರ ಅಕ್ಟೋಬರಿನಲ್ಲಿ ಸರ್ಕಾರ ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತು. ಈ ತಿಂಗಳನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ. 1947ರಲ್ಲಿ ಯಾನ್ ಆಂತೊನಿನ್‌ಗೆ ಅವನ ಗೈರುಹಾಜರಿಯಲ್ಲೇ 15 ವರ್ಷ ಜೈಲು ಶಿಕ್ಷೆಯಾಯಿತು. ಆತ ವಾಪಸ್ ಬರಲೇ ಇಲ್ಲ. 1965ರಲ್ಲಿ ಬ್ರೆಜಿಲಿನಲ್ಲೇ ತೀರಿಕೊಂಡ. ಅವನು ನಿರಪರಾಧಿ ಅಂತ ಚೆಕ್ ಕೋರ್ಟು ಹೇಳಿದ್ದು 2007ರಲ್ಲಿ.

1949ರ ಜನವರಿ 1ರಿಂದ ಊರಿನ ಹೆಸರೇ ಬದಲಾಯಿತು. ಕಮ್ಯುನಿಸ್ಟ್ ಅಧ್ಯಕ್ಷ ಕ್ಲೆಮೆಂಟ್ ಗೊಟ್ವಾಲ್ಡನ ಹೆಸರಲ್ಲಿ ಅದು 'ಗೊಟ್ವಾಲ್ಡೊವ್' ಆಯಿತು. ಕಾರ್ಖಾನೆ 'ಸ್ವಿಟ್' ಆಯಿತು. ಬಾಟಾ ಹೆಸರನ್ನು ಗೋಡೆಯಿಂದ, ಪುಸ್ತಕದಿಂದ ಕೆರೆದು ತೆಗೆದರು. ಹೊಸ ದೊರೆಗಳು ಹೆಸರು ಬದಲಿಸಿದರೇ ಹೊರತು ಊರಿನ ಸ್ವಭಾವವನ್ನಲ್ಲ. ಮೇ 1ರ ಮೆರವಣಿಗೆ ಮುಂದುವರಿಯಿತು. ಭಾಷಣ ಮಾಡುವವರು ಬೇರೆ, ಅಷ್ಟೇ. ಒಬ್ಬ ಯಜಮಾನನ ಮಾತು ಕೇಳಿ ಅಭ್ಯಾಸವಾದ ಊರಿಗೆ ಇನ್ನೊಬ್ಬ ಯಜಮಾನ ಬಂದ.

1989ರಲ್ಲಿ ಆ ಆಡಳಿತ ಬಿತ್ತು. ಅದೇ ಡಿಸೆಂಬರಿನಲ್ಲಿ ತೊಮಾಶನ ಮಗ ಕೆನಡಾದಿಂದ ಬಂದಿಳಿದ. ಬೀದಿಯಲ್ಲಿ ಸಾವಿರಾರು ಜನ. 1990ರ ಜನವರಿ 1ಕ್ಕೆ ಊರು ಮತ್ತೆ ಜ್ಲೀನ್ ಆಯಿತು. ಇನ್ನೇನು, ಬಾಟಾ ವಾಪಸ್ ಬಂದರು, ಕಾರ್ಖಾನೆ ಮತ್ತೆ ಓಡುತ್ತದೆ ಅಂತ ಜನ ನಂಬಿದರು.

ಓಡಲಿಲ್ಲ. ಕಸಿದುಕೊಂಡ ಆಸ್ತಿಯನ್ನು ವಾಪಸ್ ಕೊಡುವ ಹೊಸ ಕಾನೂನು 1948ರ ಫೆಬ್ರವರಿಯ ನಂತರ, ಅಂದರೆ ಕಮ್ಯುನಿಸ್ಟರು ಬಂದ ಮೇಲೆ ಕಳೆದುಕೊಂಡವರಿಗೆ ಮಾತ್ರ. ಬಾಟಾ ಕಳೆದುಕೊಂಡದ್ದು 1945ರಲ್ಲಿ. ಹಾಗಾಗಿ ತವರಿನ ಕಾರ್ಖಾನೆ ಕೈಗೆ ಬರಲಿಲ್ಲ. ಬಾಟಾ ದೇಶದಲ್ಲಿ ಅಂಗಡಿಗಳನ್ನು ತೆಗೆದ, ಇನ್ನೊಂದು ಊರಿನಲ್ಲಿ ಸಣ್ಣದೊಂದು ಕಾರ್ಖಾನೆ ನಡೆಸಿದ. ಇತ್ತ ಸ್ವಿಟ್ ಕಂಪನಿಗೆ ಕಣ್ಣುಮುಚ್ಚಿ ಕೊಳ್ಳುತ್ತಿದ್ದ ಸೋವಿಯತ್ ಗಿರಾಕಿ ಇಲ್ಲವಾಗಿತ್ತು. ಏಷ್ಯಾದಿಂದ ಅಗ್ಗದ ಬೂಟು ಬಂದು ಸುರಿಯಿತು. 2000ದ ಹೊತ್ತಿಗೆ ಸ್ವಿಟ್ ದಿವಾಳಿ. ಒಂದು ಕಾಲಕ್ಕೆ ಪ್ರಪಂಚದ ಕಾಲಿಗೆಲ್ಲ ಬೂಟು ತೊಡಿಸಿದ ಊರಿನಲ್ಲಿ ಬೂಟಿನ ಕೆಲಸ ಹೆಚ್ಚುಕಡಿಮೆ ನಿಂತೇ ಹೋಯಿತು.

ಹಾಗಾದರೆ ಊರು ಯಾಕೆ ಸಾಯಲಿಲ್ಲ?

ಇಲ್ಲಿಗೆ ಬಂದ ಮೇಲೆ ಸಾಮಾನ್ಯವಾಗಿ ಜನ ಹೇಳುವ ಉತ್ತರ ಒಂದಿದೆ. ಅದು ಬಾಟಾ ಜನರ ದುಡಿಮೆಯ ಸ್ವಭಾವ, ಛಲ ಇತ್ಯಾದಿ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಗಣಿ ಊರುಗಳಲ್ಲೂ ಜನ ಮೈಮುರಿದು ದುಡಿದವರೇ. ಅಂಥ ಎಷ್ಟೋ ಊರು ಮಣ್ಣಾದವು. ನನ್ನ ಪ್ರಕಾರ ಜ್ಲೀನನ್ನು ಉಳಿಸಿದ್ದು ಬೂಟಲ್ಲ, ಬೂಟಿನ ಅಕ್ಕಪಕ್ಕದ ಕೆಲಸಗಳು.

ಬಾಟಾಗೆ ಒಂದು ಚಟವಿತ್ತು. ಹೊರಗಿನಿಂದ ಕೊಳ್ಳಬೇಕಾದ್ದು ಯಾವುದೇ ಇರಲಿ, 'ನಾವೇ ಯಾಕೆ ಮಾಡಬಾರದು?' ಬೂಟಿಗೆ ರಬ್ಬರ್ ಅಡಿ ಬೇಕು, ರಬ್ಬರ್ ವಿಭಾಗ ಶುರು. ರಬ್ಬರ್ ಬಂತಲ್ಲ, 1930ರ ದಶಕದಲ್ಲಿ ಟೈರ್ ಶುರು. ಬೂಟು ಹೊಲಿಯುವ ಯಂತ್ರ ಕೆಟ್ಟರೆ ರಿಪೇರಿಗೆ ವರ್ಕ್‌ಶಾಪ್. ರಿಪೇರಿ ಕಲಿತ ಮೇಲೆ ಯಂತ್ರವನ್ನೇ ಮಾಡಿದರು. ಮಾಲೀಕರು ವಿಮಾನದಲ್ಲಿ ಓಡಾಡುತ್ತಾರೆ, ಹಾಗಾದರೆ ವಿಮಾನ ಕಾರ್ಖಾನೆಯೂ ಇರಲಿ. ಕಲ್ಲಿದ್ದಲು ತರಲು 1930ರ ದಶಕದಲ್ಲಿ ಒಂದು ಕಾಲುವೆಯನ್ನೇ ಮಾಡಿಸಿದರು. ಜಾಹೀರಾತಿಗೆ ಸಿನಿಮಾ ಬೇಕು, 1936ರಲ್ಲಿ ಗುಡ್ಡದ ಮೇಲೆ ಸ್ಟುಡಿಯೊ.

ಬೂಟಿನ ದಿನ ಮುಗಿದಾಗ ಇವೆಲ್ಲ ಕೈಹಿಡಿದವು. ಓತ್ರೊಕೊವಿತ್ಸೆಯ ಟೈರ್ ಕಾರ್ಖಾನೆಯನ್ನು 1990ರ ದಶಕದಲ್ಲಿ ಜರ್ಮನಿಯ ಕಾಂಟಿನೆಂಟಲ್ ತೆಗೆದುಕೊಂಡಿತು. ಇವತ್ತು ಅದು ಯುರೋಪಿನ ದೊಡ್ಡ ಟೈರ್ ಕಾರ್ಖಾನೆಗಳಲ್ಲೊಂದು. ಮೆಷಿನ್ ಟೂಲ್ ಕೆಲಸ ಇನ್ನೂ ಇದೆ. ಆಕಾಶದಲ್ಲಿ ಲಾಗ ಹಾಕುವ ಕಸರತ್ತಿನ ವಿಮಾನಗಳಲ್ಲಿ 'ಜ್ಲೀನ್' ದೊಡ್ಡ ಹೆಸರು. ಆ ಸ್ಟುಡಿಯೊದಲ್ಲಿ ಕಾರೆಲ್ ಜೆಮಾನ್, ಹೆರ್ಮಿನಾ ತೀರ್ಲೊವಾ ಗೊಂಬೆ, ಚಿತ್ರಗಳನ್ನು ಕುಣಿಸಿ ಮಕ್ಕಳ ಸಿನಿಮಾ ಮಾಡಿದರು. 1961ರಲ್ಲಿ ಶುರುವಾದ ಮಕ್ಕಳ ಸಿನಿಮಾ ಹಬ್ಬ ಇವತ್ತಿಗೂ ನಡೆಯುತ್ತದೆ. ಕಾಲುವೆಯಲ್ಲಿ ಈಗ ಕಲ್ಲಿದ್ದಲಿನ ಬದಲು ಪ್ರವಾಸಿಗರ ದೋಣಿ.

ಬೇರೆ ಊರುಗಳು ಕಲಿಯಬಹುದಾದ್ದು ಇದ್ದರೆ ಇಲ್ಲಿದೆ. ಗಣಿಯ ಊರಿನಲ್ಲಿ ಗಣಿ ಬಿಟ್ಟು ಬೇರೆ ಕೈಕೆಲಸ ಕಡಿಮೆ. ನೆಲ ಅಗೆಯುವವನಿಗೆ ನೆಲ ಮುಗಿದರೆ ಮುಗಿಯಿತು. ಜ್ಲೀನಿನಲ್ಲಿ ಒಂದೇ ಮಾಲೀಕ, ಆದರೆ ಹತ್ತಾರು ಕಸುಬು. ಮಾಲೀಕನಿಗೆ ಇದ್ದ ಎಲ್ಲವೂ ತನ್ನ ಕೈಯಲ್ಲೇ ಇರಬೇಕೆಂಬ ಹಟವೇ ಅವನು ಹೋದ ಮೇಲೆ ಊರಿಗೆ ಆಸರೆಯಾಯಿತು. ಹೀಗಾಗಲಿ ಅಂತ ಯಾರೂ ಯೋಜನೆ ಹಾಕಿರಲಿಲ್ಲ.

ಇನ್ನೊಂದು ಕಾರಣ ಆ 6.15 ಮೀಟರ್. ಕಂಬ ಗಟ್ಟಿ, ಗೋಡೆ ಬರೀ ತುಂಬಿಸಿದ್ದು. ಗೋಡೆ ತೆಗೆ, ಹಾಕು, ಕಟ್ಟಡಕ್ಕೇನೂ ಆಗುವುದಿಲ್ಲ. ಹಾಗಾಗಿ ಬೂಟು ಹೊಲಿದ ಮಹಡಿಯಲ್ಲಿ ಈಗ ಆಫೀಸು, ಮನೆ, ಕಾಫಿ ಅಂಗಡಿ ಎಲ್ಲ ಕೂರುತ್ತವೆ. 14, 15ನೇ ನಂಬರ್ ಕಟ್ಟಡಗಳಲ್ಲಿ 2013ರಿಂದ ಮ್ಯೂಸಿಯಂ, ಗ್ಯಾಲರಿ, ಗ್ರಂಥಾಲಯ ಇವೆ. 2001ರಲ್ಲಿ ತೊಮಾಶ್ ಬಾಟಾ ಹೆಸರಿನ ವಿಶ್ವವಿದ್ಯಾಲಯ ಬಂತು. ಪಾಲಿಮರ್ ವಿಜ್ಞಾನ, ಡಿಸೈನ್, ಮ್ಯಾನೇಜ್‌ಮೆಂಟ್ ಅಲ್ಲಿನ ಮುಖ್ಯ ವಿಷಯಗಳು. ರಬ್ಬರ್, ಬೂಟಿನ ಅಂದ, ಲೆಕ್ಕದ ಪುಸ್ತಕ. ಹಳೆಯ ವಿಭಾಗಗಳೇ ಹೊಸ ಬೋರ್ಡು ಹಾಕಿಕೊಂಡ ಹಾಗಿದೆ!

ಇವತ್ತಿನ ಜಗಳ

ಎಲ್ಲ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಜನಸಂಖ್ಯೆ ಒಮ್ಮೆ 80 ಸಾವಿರ ದಾಟಿತ್ತು, ಈಗ ಇಳಿದಿದೆ. ಸುತ್ತಲಿನ ಕೆಲವು ಹಳ್ಳಿಗಳು ಬೇರೆಯಾದದ್ದು ಒಂದು ಕಾರಣ. ಇನ್ನೊಂದು, ಓದಿದ ಹುಡುಗ ಹುಡುಗಿಯರು ಬ್ರನೊ, ಪ್ರಾಗ್ ಕಡೆ ಹೋಗುತ್ತಾರೆ. ಬಾಟಾ ಕಾಲದಲ್ಲಿ ದೇಶದ ಮೂಲೆ ಮೂಲೆಯಿಂದ ಹುಡುಗರು ಇಲ್ಲಿಗೆ ಬರುತ್ತಿದ್ದರು. ಈಗ ಹರಿವು ಉಲ್ಟಾ. ಟೈರ್ ಕಾರ್ಖಾನೆ ಎಷ್ಟು ದೊಡ್ಡದಾದರೂ ಅದರ ತೀರ್ಮಾನಗಳು ಆಗುವುದು ಜರ್ಮನಿಯಲ್ಲಿ. ಬಾಟಾ ಕಂಪನಿಯ ಕೇಂದ್ರ ಕಚೇರಿಯೂ ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿದೆ. ಒಂದು ಕಾಲದಲ್ಲಿ ಲೋಕದ ಅಂಗಡಿಗಳಿಗೆಲ್ಲ ಆರ್ಡರ್ ಕಳಿಸುತ್ತಿದ್ದ ಊರು ಈಗ ಬೇರೆಯವರ ಆರ್ಡರ್ ಕಾಯುತ್ತದೆ.

ಇನ್ನು ಆ ಇಟ್ಟಿಗೆ ಮನೆಗಳು. ಜನರಿಗೆ ಈಗಲೂ ಅವು ಅಂದರೆ ಪ್ರೀತಿ. ಬೆಲೆಯೂ ಜಾಸ್ತಿ. ಆದರೆ 1920, 30ರ ದಶಕದ ಗೋಡೆ ಚಳಿ ತಡೆಯುವುದಿಲ್ಲ. ಹೊರಗಿನಿಂದ ದಪ್ಪ ಹೊದಿಕೆ ಹಾಕಿದರೆ ಬೆಚ್ಚಗಾಗುತ್ತದೆ, ಆದರೆ ಕೆಂಪು ಇಟ್ಟಿಗೆ ಮುಚ್ಚಿಹೋಗುತ್ತದೆ. ಕೆಂಪು ಇಟ್ಟಿಗೆ ಹೋದರೆ ಜ್ಲೀನ್ ಎಲ್ಲಿ ಉಳಿಯಿತು? ಊರಿನ ಹಳೆಯ ಭಾಗಕ್ಕೆ 1990ರಿಂದ ಪಾರಂಪರಿಕ ವಲಯದ ರಕ್ಷಣೆ ಇದೆ. ಮನೆಯವರು ಒಂದು ಕೋಣೆ ಹೆಚ್ಚಿಗೆ ಕಟ್ಟಲು, ಕಾರಿಗೊಂದು ಮಾಡು ಹಾಕಲು, ಬೇಲಿ ಎಬ್ಬಿಸಲು ನೋಡುತ್ತಾರೆ. ನಡೆದು ಕಾರ್ಖಾನೆಗೆ ಹೋಗುವವರಿಗಾಗಿ ಮಾಡಿದ ಬೀದಿಯಲ್ಲಿ ಈಗ ಮನೆಗೆರಡು ಕಾರು.

ಇದರಲ್ಲಿ ನಾನು ಮನೆಯವರ ಕಡೆಗೇ ಸ್ವಲ್ಪ ವಾಲುತ್ತೇನೆ. ಬೇಲಿ ಬೇಡ ಅಂದದ್ದು ಒಬ್ಬ ಮಾಲೀಕನ ಆಸೆ. ಹಾಗೇ ಇರಲಿ ಅನ್ನುವುದು ಇವತ್ತಿನ ತಜ್ಞರ ಆಸೆ. ಒಳಗಿರುವವರನ್ನು ಆಗಲೂ ಯಾರೂ ಕೇಳಲಿಲ್ಲ. ಆದರೂ ಎಲ್ಲರೂ ಮನಸ್ಸಿಗೆ ಬಂದ ಹಾಗೆ ಬಣ್ಣ ಬಳಿದರೆ ಆ ಗುಡ್ಡದ ಚೆಲುವು ಉಳಿಯುವುದಿಲ್ಲ ಅನ್ನುವುದೂ ಕಾಣುತ್ತದೆ. ಹೊದಿಕೆಯನ್ನು ಒಳಗಿನ ಗೋಡೆಗೆ ಹಾಕಬಹುದು, ಆದರೆ ಮೊದಲೇ ಸಣ್ಣ ಕೋಣೆ, ಇನ್ನೂ ಸಣ್ಣದಾಗುತ್ತದೆ.

ಹೂಗ್ಲಿ ದಂಡೆಯ ಬಾಟಾನಗರದಲ್ಲಿ ಈ ಜಗಳ ಬೇರೆ ರೀತಿ ಮುಗಿಯುತ್ತಿದೆ. ಅಲ್ಲಿ ಬೂಟಿನ ಕೆಲಸ ಪೂರ್ತಿ ನಿಂತಿಲ್ಲ. ಆದರೆ ಬೂಟಿಗಿಂತ ನದಿ ದಂಡೆಯ ನೆಲಕ್ಕೇ ಬೆಲೆ ಹೆಚ್ಚಾಯಿತು. ಕಾರ್ಖಾನೆ ಊರಿನ ದೊಡ್ಡ ಭಾಗ 'ಕಲ್ಕತ್ತಾ ರಿವರ್‌ಸೈಡ್' ಎಂಬ ವಸತಿ ಯೋಜನೆಗೆ ಹೋಯಿತು. ಎತ್ತರದ ಅಪಾರ್ಟ್‌ಮೆಂಟುಗಳು ಎದ್ದಿವೆ. ಒಂದೇ ಅಚ್ಚಿನ ಎರಡು ಊರು. ಒಂದರಲ್ಲಿ ಇಟ್ಟಿಗೆಗೆ ಕಾವಲು, ಇನ್ನೊಂದರಲ್ಲಿ ನೆಲಕ್ಕೆ ಗಿರಾಕಿ.

ಜ್ಲೀನಿನ 21ನೇ ನಂಬರ್ ಕಟ್ಟಡ ಈಗ ಜಿಲ್ಲಾಡಳಿತದ ಥರದ ಒಂದು ಸರ್ಕಾರಿ ಕಚೇರಿ. ಜೊತೆಗೆ ತೆರಿಗೆ ಇಲಾಖೆಯೂ ಇದೆ. ತಾರಸಿಗೆ ಹೋದರೆ ಊರೆಲ್ಲ ಕಾಣುತ್ತದೆ, ಕೆಂಪು ಚೌಕಗಳು, ಮರಗಳು, ಓಡದ ಚಿಮಣಿ. ಕೆಳಗೆ ಆ ಲಿಫ್ಟಿನ ಆಫೀಸು ಹಾಗೇ ಇದೆ. ನೋಡಲು ಬಂದವರು ಮಾಲೀಕನ ಮೇಜಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಕಟ್ಟಡದಲ್ಲಿ ಇನ್ನೊಂದು ಹಳೆಯ ಲಿಫ್ಟ್ ಇದೆ. ಅದಕ್ಕೆ ಬಾಗಿಲಿಲ್ಲ, ಅದು ಎಲ್ಲೂ ನಿಲ್ಲುವುದೂ ಇಲ್ಲ. ಸರಪಳಿಯ ಹಾಗೆ ನಿಧಾನಕ್ಕೆ ಸುತ್ತುತ್ತಲೇ ಇರುತ್ತದೆ. ತೆರಿಗೆ ಕಾಗದ ಕೈಯಲ್ಲಿ ಹಿಡಿದವರು ಸಮಯ ನೋಡಿ ಅದರೊಳಗೆ ಕಾಲಿಡುತ್ತಾರೆ, ತಮ್ಮ ಮಹಡಿ ಬಂದಾಗ ಹಾರಿ ಇಳಿಯುತ್ತಾರೆ.